ಸಿಟಿ ಆಂಜಿಯೋ ವರದಿ: ಬ್ಲಾಕ್ ಎಷ್ಟು ಎನ್ನುವುದರ ಜೊತೆಗೆ ಗೋಡೆ ಹೇಗಿದೆ ಎಂದೂ ನೋಡಿ

ಹೃದಯದ ಸಿಟಿ ಆಂಜಿಯೋ (ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಸ್ಕ್ಯಾನ್) ವರದಿ ಬಂದ ಕೂಡಲೇ ಎಲ್ಲರೂ ಹುಡುಕುವುದು ‘ಎಷ್ಟು ಪರ್ಸೆಂಟ್ ಬ್ಲಾಕ್’ ಅನ್ನುವುದನ್ನೇ. 30 ಎಂದಿದ್ದರೆ ನಿರಾಳ. ಆದರೆ ಒಡೆದು ಹೃದಯಾಘಾತ ತರುವ ಪ್ಲೇಕ್ (ನಾಳದ ಗೋಡೆಯಲ್ಲಿ ಸೇರಿಕೊಂಡ ಕೊಬ್ಬಿನ ದಪ್ಪ) ಎಷ್ಟೋ ಸಲ ರಕ್ತದ ದಾರಿಯನ್ನು ಅಷ್ಟೇನೂ ಕಿರಿದು ಮಾಡಿರುವುದಿಲ್ಲ. ಪ್ಲೇಕ್ ಬೆಳೆದಂತೆ ನಾಳದ ಗೋಡೆ ಹೊರಕ್ಕೆ ಉಬ್ಬಿ ಜಾಗ ಕೊಡುತ್ತದೆ. 1987ರಲ್ಲಿ ಗ್ಲಾಗೋವ್ ಮತ್ತು ಸಂಗಡಿಗರು ತೋರಿಸಿದಂತೆ, ನಾಳದ ಅಡ್ಡಕೊಯ್ತದಲ್ಲಿ ಸುಮಾರು 40 ಪರ್ಸೆಂಟನ್ನು ಪ್ಲೇಕ್ ಆಕ್ರಮಿಸುವವರೆಗೆ ಒಳದಾರಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಈ ಉಬ್ಬು ಒಳ್ಳೆಯ ಹೊಂದಾಣಿಕೆಯಂತೆ ಕಂಡರೂ ಅದರ ಹಿಂದಿನ ಕೆಲಸ ಒಳ್ಳೆಯದಲ್ಲ. ಕೊಬ್ಬು ನುಂಗಿದ ಉರಿಯೂತದ ಜೀವಕೋಶಗಳು ಬಿಡುವ ಕಿಣ್ವಗಳು ಗೋಡೆಗೆ ಬಿಗಿ ಕೊಡುವ ಕೊಲಾಜನ್ ನಾರನ್ನು ಕರಗಿಸುತ್ತವೆ. ಹೊರಬದಿ ಸಡಿಲವಾದರೆ ನಾಳ ಉಬ್ಬುತ್ತದೆ, ಒಳಬದಿಯಲ್ಲಿ ಪ್ಲೇಕಿನ ಮುಚ್ಚಳ ತೆಳುವಾಗುತ್ತದೆ. 65 ಮೈಕ್ರಾನಿಗಿಂತ ತೆಳುವಾದ ಮುಚ್ಚಳ, ಕೆಳಗೆ ಸತ್ತ ಜೀವಕೋಶ ಮತ್ತು ಕೊಬ್ಬಿನ ರಾಡಿ: ಒಡೆಯುವ ಪ್ಲೇಕಿನ ಲಕ್ಷಣ ಇದೇ. ಸಿಟಿ ಅರ್ಧ ಮಿಲಿಮೀಟರಿನ ಆಸುಪಾಸಿನಷ್ಟೇ ಸೂಕ್ಷ್ಮ, ಆದ್ದರಿಂದ ಮುಚ್ಚಳ ಕಾಣದು. ಅದಕ್ಕೆ ನಾಳದೊಳಗೆ ಕ್ಯಾಥೆಟರ್ ತೂರಿಸಿ ಬೆಳಕಿನಿಂದ ಚಿತ್ರ ತೆಗೆಯುವ ಓಸಿಟಿ ಬೇಕು. ಉಬ್ಬು ಮಾತ್ರ ಸಿಟಿಯಲ್ಲೇ ಸಿಗುತ್ತದೆ.

ಅಳೆಯುವುದು ಸುಲಭ. ಪ್ಲೇಕ್ ಇರುವಲ್ಲಿ ನಾಳದ ಹೊರ ವ್ಯಾಸವನ್ನು, ಅದರ ಮೇಲೂ ಕೆಳಗೂ ಇರುವ ಆರೋಗ್ಯವಂತ ಭಾಗಗಳ ಸರಾಸರಿಯಿಂದ ಭಾಗಿಸಿ. ಮೇಲೆ 4.0, ಕೆಳಗೆ 3.6 ಮಿ.ಮೀ. ಇದ್ದರೆ ಸರಾಸರಿ 3.8, ಪ್ಲೇಕ್ ಬಳಿ 4.4 ಇದ್ದರೆ ಸೂಚ್ಯಂಕ 1.16. 1.1 ಮತ್ತು ಮೇಲ್ಪಟ್ಟರೆ ‘ಪಾಸಿಟಿವ್ ರಿಮಾಡೆಲಿಂಗ್’. ಹೆಸರಿನ ‘ಪಾಸಿಟಿವ್’ ನೋಡಿ ಸಂತೋಷಪಡಬೇಡಿ! ನಾಳ ಕೆಳಗಿಳಿದಂತೆ ಸಣ್ಣದಾಗುವುದರಿಂದ ಒಂದೇ ಬದಿಯ ಅಳತೆ ಹಿಡಿದರೆ ಲೆಕ್ಕ ತಪ್ಪುತ್ತದೆ. ಕವಲೊಡೆಯುವ ಜಾಗವನ್ನೋ, ತಾನೇ ಪ್ಲೇಕ್ ಹಿಡಿದ ಭಾಗವನ್ನೋ ಆಧಾರಕ್ಕೆ ತೆಗೆದುಕೊಂಡರೂ ಅಷ್ಟೇ.

ಇದರ ಜೊತೆ ಹುಡುಕಬೇಕಾದವು ಇನ್ನು ಮೂರು: 30 ಎಚ್‌ಯುಗಿಂತ (ಸಿಟಿಯಲ್ಲಿ ಸಾಂದ್ರತೆಯ ಅಳತೆ) ಕಡಿಮೆ ಸಾಂದ್ರತೆಯ ಪ್ಲೇಕ್, 3 ಮಿ.ಮೀ.ಗಿಂತ ಚಿಕ್ಕ ಸುಣ್ಣದ ಚುಕ್ಕೆಗಳು, ಕಪ್ಪು ನಡುವಿಗೆ ಬಿಳಿಚಿದ ಅಂಚಿನ ‘ನ್ಯಾಪ್‌ಕಿನ್ ರಿಂಗ್’. ನಾಲ್ಕರಲ್ಲಿ ಎರಡಾದರೂ ಸಿಕ್ಕರೆ ವರದಿ ಬರೆಯುವ 2022ರ ಕ್ಯಾಡ್-ರ‍್ಯಾಡ್ಸ್ ಪದ್ಧತಿಯಲ್ಲಿ ‘ಎಚ್‌ಆರ್‌ಪಿ’ (ಹೈ ರಿಸ್ಕ್ ಪ್ಲೇಕ್, ಅಂದರೆ ಹೆಚ್ಚು ಅಪಾಯದ ಪ್ಲೇಕ್) ಎಂದು ಬರೆಯುತ್ತಾರೆ. ಹಳೆಯ ವರದಿಗಳಲ್ಲಿ ಅದೇ ‘ವಿ’.

ಎಚ್‌ಯು ಅಂಕಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಯಂತ್ರದ ಕೆವಿ (ಎಕ್ಸ್-ರೇ ವೋಲ್ಟೇಜ್), ನಾಳದಲ್ಲಿರುವ ಕಾಂಟ್ರಾಸ್ಟ್ ದ್ರವದ ಪ್ರಮಾಣ, ಪಕ್ಕದ ಸುಣ್ಣದ ಹೊಳಪು, ಎಲ್ಲವೂ ಅದನ್ನು ಏರುಪೇರು ಮಾಡುತ್ತವೆ. ನಾಡಿಬಡಿತ 60ರ ಆಸುಪಾಸಿಗೆ ಇಳಿಯದಿದ್ದರೆ ಚಿತ್ರ ಮಸುಕಾಗಿ ಇಲ್ಲದ ಪ್ಲೇಕೂ ಕಾಣಬಹುದು. ‘ಚಲನೆಯ ದೋಷ’ ಎಂಬ ಸಾಲು ವರದಿಯಲ್ಲಿದೆಯೇ ನೋಡಿಕೊಳ್ಳಿ. ಕ್ಯಾಲ್ಸಿಯಂ ಸ್ಕೋರ್ (ನಾಳಗಳಲ್ಲಿನ ಸುಣ್ಣದ ಅಳತೆ) ಸೊನ್ನೆ ಎಂದರೆ ಮೆತ್ತನೆಯ ಪ್ಲೇಕ್ ಇಲ್ಲವೆಂದಲ್ಲ. ಚಿಕ್ಕ ವಯಸ್ಸಿನವರಲ್ಲಿ ಇದು ಮುಖ್ಯ.

ಎಚ್‌ಆರ್‌ಪಿ ಕಂಡಿತೆಂದು ಸ್ಟೆಂಟ್‌ಗೆ ಓಡಬೇಕಿಲ್ಲ. ವೈದ್ಯರನ್ನು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಗುರಿ ಕೇಳಿ: ಸಾಮಾನ್ಯವಾಗಿ 70ಕ್ಕಿಂತ ಕೆಳಗೆ, ಅಪಾಯ ಹೆಚ್ಚಿದ್ದರೆ ಇನ್ನೂ ಕೆಳಗೆ. ಬಿಪಿ, ಸಕ್ಕರೆ, ತಂಬಾಕಿನ ಮಾತೂ ಅಲ್ಲೇ ಆಗಲಿ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ತೆಗೆದುಕೊಳ್ಳುವಾಗ ಮುಂದಿನ ಸ್ಕ್ಯಾನಿನಲ್ಲಿ ಕ್ಯಾಲ್ಸಿಯಂ ಸ್ಕೋರ್ ಏರಿದ್ದರೆ ಗಾಬರಿಯಿಂದ ಮಾತ್ರೆ ಬಿಡಬೇಡಿ. ಮೆತ್ತನೆಯ ಪ್ಲೇಕ್ ಗಟ್ಟಿಯಾಗುವಾಗ ಸುಣ್ಣ ಹೆಚ್ಚುವುದುಂಟು. ಎದೆ ಹಿಂಡಿದಂತಾಗಿ ಬೆವರು ಬಂದರೆ ವರದಿಯಲ್ಲಿ ಏನೇ ಬರೆದಿರಲಿ, 108ಕ್ಕೆ ಕರೆ ಮಾಡಿ.