ಸರ್ವೆ ಫಾರ್ಮ್ ಎತ್ಕೊಂಡು ಹೊರಡೋಕೆ ಮುಂಚೆ: ಯೂನಿವರ್ಸಿಟಿಯವ್ರು, ಏರಿಯಾದವ್ರು ಸೇರಿ ಆರೋಗ್ಯದ ಕೆಲಸ ಮಾಡೋದು ಹೇಗೆ

ಸಾಮಾನ್ಯವಾಗಿ ನಡೆಯೋದು ಹೀಗೆ. ಡಿಪಾರ್ಟ್‌ಮೆಂಟಲ್ಲಿ ನಾಲ್ಕು ಜನ ಕೂತು ಟಾಪಿಕ್ ಫಿಕ್ಸ್ ಮಾಡ್ತಾರೆ, ಗ್ರಾಂಟ್‌ಗೆ ಹಾಕ್ತಾರೆ, ದುಡ್ಡು ಸ್ಯಾಂಕ್ಷನ್ ಆದ್ಮೇಲೆ ಯಾವ್ದೋ ಏರಿಯಾದ ಒಬ್ರು ಲೀಡರ್ ಹತ್ರ ಹೋಗಿ "ಸ್ವಲ್ಪ ಜನ ಸೇರ್ಸಿ ಕೊಡಿ ಸರ್" ಅಂತಾರೆ. ಇದಕ್ಕೆ ಪಾರ್ಟ್ನರ್‌ಶಿಪ್ ಅಂತ ಹೆಸರು ಬೇರೆ. ನಾನೂ ಇದೇ ಥರ ಶುರು ಮಾಡ್ದವ್ನೇ, ಅದಕ್ಕೇ ಹೇಳ್ತಿದೀನಿ.

ನನ್ನ ಮೊದಲ್ನೇ ಪ್ರಾಜೆಕ್ಟಲ್ಲಿ 64 ಪ್ರಶ್ನೆ ಇರೋ ಫಾರ್ಮ್ ಇತ್ತು. ಒಂದು ಮನೆ ಮುಂದೆ ಒಬ್ರು ಅಮ್ಮ ಬಟ್ಟೆ ಒಗೀತಾ ಒಗೀತಾನೇ ಉತ್ತರ ಕೊಡ್ತಿದ್ರು. "ದಿನಕ್ಕೆ ಎಷ್ಟು ಸಲ ಸೋಪ್ ಹಾಕಿ ಕೈ ತೊಳೀತೀರಾ" ಅಂತ ಕೇಳ್ದೆ. ನೊರೆ ಮೆತ್ತಿದ ಎರಡೂ ಕೈ ಮೇಲೆತ್ತಿ, "ನಲ್ಲಿ ಬಂದ ದಿನದ ಲೆಕ್ಕ ಹೇಳ್ಲೋ, ಬರದೇ ಇರೋ ದಿನದ ಲೆಕ್ಕ ಹೇಳ್ಲೋ" ಅಂದ್ರು. ನನ್ನ ಫಾರ್ಮಲ್ಲಿ ಅದಕ್ಕೆ ಕಾಲಂ ಇರ್ಲಿಲ್ಲ, ಏನೋ ಒಂದು ನಂಬರ್ ಬರ್ಕೊಂಡೆ. ಎದ್ದು ಹೊರಡೋವಾಗ ಇನ್ನೊಂದು ಮಾತು ಕೇಳಿದ್ರು: "ಹೋದ್ ವರ್ಷನೂ ಯಾರೋ ಬಂದು ಬರ್ಕೊಂಡು ಹೋದ್ರಲ್ಲಪ್ಪ, ಅದೇನಾಯ್ತು?"

ಆ ಎರಡು ಪ್ರಶ್ನೆ ಇಟ್ಕೊಂಡೇ ಮುಂದಿನದ್ದೆಲ್ಲ ಹೇಳ್ತೀನಿ. ಏನು ಕೇಳ್ಬೇಕು ಅನ್ನೋದನ್ನ ಅಲ್ಲಿರೋರು ಹೇಳ್ಬೇಕು, ಸಿಕ್ಕಿದ ಉತ್ತರ ಅವರ ಬಾಗಿಲಿಗೆ ವಾಪಸ್ ಬರ್ಬೇಕು. ಈ ಎರಡಕ್ಕೆ ವ್ಯವಸ್ಥೆ ಇಲ್ಲದಿದ್ರೆ ಪ್ರಾಜೆಕ್ಟ್ ಶುರು ಮಾಡ್ಬೇಡಿ.

ಮೊದಲ ಕೆಲಸ, ಕೈಯಲ್ಲಿ ಪೇಪರ್ ಇಲ್ದೇ ಹೋಗಿ. ಎರಡು ಮೂರು ತಿಂಗಳು ಬರೀ ಹೋಗಿ ಬರೋದು, ಕೂತು ಕೇಳೋದು. ಇದಕ್ಕೆ ಗ್ರಾಂಟಲ್ಲಿ ದುಡ್ಡು ಇರಲ್ಲ, ಗೊತ್ತು, ಆದ್ರೂ ಇದನ್ನ ಬಿಟ್ರೆ ಮುಂದಿನ ಎರಡು ವರ್ಷ ಹಾಳು. ಇನ್ನೊಂದು ವಿಷ್ಯ, "ಕಮ್ಯುನಿಟಿ" ಅನ್ನೋ ಒಬ್ಬ ಮನುಷ್ಯ ಎಲ್ಲೂ ಇಲ್ಲ. ಮೈಕ್ ಹಿಡಿಯೋ ಲೀಡರ್ ಬೇರೆ, ರಾತ್ರಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಜನ ಯಾರ ಮನೆ ಬಾಗಿಲು ತಟ್ತಾರೋ ಅವ್ರು ಬೇರೆ. ನಿಮಗೆ ಬೇಕಾಗಿರೋದು ಎರಡನೇಯವ್ರು. ಅವ್ರನ್ನ ಹುಡುಕೋಕೆ ಸುಲಭದ ದಾರಿ ಅಂದ್ರೆ, ಹತ್ತು ಮನೇಲಿ "ನಿಮಗೆ ತೊಂದ್ರೆ ಆದ್ರೆ ಮೊದ್ಲು ಯಾರನ್ನ ಕರೀತೀರಾ" ಅಂತ ಕೇಳಿ, ಒಂದೇ ಹೆಸರು ನಾಲ್ಕೈದು ಸಲ ಬರುತ್ತೆ. ಬಾಡಿಗೆಗೆ ಇರೋರು, ಹೊಸದಾಗಿ ಬಂದೋರು, ಯಾವ ಸಂಘಕ್ಕೂ ಸೇರದೇ ಇರೋರು, ಇವ್ರನ್ನ ನೀವೇ ಹುಡ್ಕೊಂಡು ಹೋಗ್ಬೇಕು, ಮೀಟಿಂಗ್‌ಗೆ ಅವರಾಗಿ ಬರಲ್ಲ.

ಜಾಗದ ಪರಿಚಯ ಇರೋರು ಯಾಕೆ ಬೇಕು ಅಂದ್ರೆ 1854ರ ಲಂಡನ್ ಕಾಲರಾ ಕಥೆ ನೋಡಿ. ಬ್ರಾಡ್ ಸ್ಟ್ರೀಟ್ ಅನ್ನೋ ಬೀದಿಯ ಪಂಪಿನ ನೀರಿಂದ ರೋಗ ಹರಡ್ತಿದೆ ಅಂತ ಡಾಕ್ಟರ್ ಜಾನ್ ಸ್ನೋ ಹೇಳಿದ್ದು ಎಲ್ರಿಗೂ ಗೊತ್ತು. ಅದೇ ಏರಿಯಾದ ಚರ್ಚಲ್ಲಿದ್ದ ಪಾದ್ರಿ ಹೆನ್ರಿ ವೈಟ್‌ಹೆಡ್ ಹೆಸರು ಮಾತ್ರ ಯಾರೂ ಎತ್ತಲ್ಲ. ಅವ್ನು ಮೊದ್ಲು ಸ್ನೋ ಮಾತು ನಂಬ್ಲೇ ಇಲ್ಲ, ಸುಳ್ಳು ಅಂತ ತೋರ್ಸೋಕೇ ಮನೆ ಮನೆ ತಿರುಗ್ದ, ಎಲ್ಲರ ಪರಿಚಯ ಇದ್ದಿದ್ರಿಂದ ಸತ್ತೋರ ಮನೆಯವ್ರೂ ಬಾಗ್ಲು ತೆಗೆದು ಮಾತಾಡಿದ್ರು, ಕೊನೆಗೆ ಕಾಯಿಲೆ ಬಿದ್ದ ಒಂದು ಕೂಸಿನ ಬಟ್ಟೆ ನೆನೆಸಿದ ನೀರನ್ನ ಪಂಪಿನ ಪಕ್ಕದ ಗುಂಡಿಗೆ ಸುರಿದಿದ್ರು ಅಂತ ಅವನೇ ಪತ್ತೆ ಹಚ್ಚಿದ. ಲೆಕ್ಕ ಹಾಕೋನು ಒಬ್ಬ, ಬಾಗ್ಲು ತೆಗೆಸೋನು ಇನ್ನೊಬ್ಬ. ಅವ್ನು ಅನುಮಾನ ಪಟ್ಟಿದ್ದೂ ಒಳ್ಳೇದೇ ಆಯ್ತು. ನಿಮ್ ಮೀಟಿಂಗಲ್ಲೂ ಅಡ್ಡ ಮಾತಾಡೋರನ್ನ ದೂರ ಇಡ್ಬೇಡಿ.

ಆಮೇಲೆ ಟಾಪಿಕ್. ನೀವು ಶುಗರ್, ಬಿಪಿ ಅಂತ ಹೋಗಿರ್ತೀರಾ, ಅವ್ರು "ಚರಂಡಿ ಕಟ್ಕೊಂಡಿದೆ" ಅಂತಾರೆ. "ಅದು ನಮ್ಮ ಸ್ಕೋಪಲ್ಲಿ ಬರಲ್ಲ" ಅಂದ್ರೋ, ಮುಂದಿನ ಮೀಟಿಂಗ್‌ಗೆ ಕುರ್ಚಿ ಖಾಲಿ. ಅಮೆರಿಕದ ಟಫ್ಟ್ಸ್ ಯೂನಿವರ್ಸಿಟಿ ಕಡೆಯಿಂದ ಡಾಕ್ಟರ್ ಜ್ಯಾಕ್ ಗೈಗರ್ ತಂಡ 1960ರ ದಶಕದಲ್ಲಿ ಮಿಸಿಸಿಪಿಯ ಮೌಂಡ್ ಬೇಯೂ ಅನ್ನೋ ಊರಲ್ಲಿ ಹೆಲ್ತ್ ಸೆಂಟರ್ ಮಾಡ್ತು. ಕಡು ಬಡವರ ಜಾಗ, ಮಕ್ಕಳಿಗೆ ಹೊಟ್ಟೆಗಿಲ್ಲ. ಇವ್ರು ಪ್ರಿಸ್ಕ್ರಿಪ್ಷನ್ ಚೀಟೀಲಿ ಊಟದ ಸಾಮಾನು ಬರೆದು ಕೊಟ್ರು, ಬಿಲ್ಲು ಹೆಲ್ತ್ ಸೆಂಟರಿನ ಔಷಧಿ ಲೆಕ್ಕಕ್ಕೆ. ಮೇಲಿನವ್ರು ತಕರಾರು ತೆಗೆದಾಗ ಗೈಗರ್ ಕೊಟ್ಟ ಉತ್ತರ ಏನಂದ್ರೆ, ನಾನು ಓದಿದ ಪುಸ್ತಕದಲ್ಲಿ ಹಸಿವಿನ ಕಾಯಿಲೆಗೆ ಊಟಾನೇ ಔಷಧಿ ಅಂತಿದೆ. ಜನರ ಜೊತೆ ಸೇರಿ ಬಾವಿ ತೋಡಿದ್ರು, ಟಾಯ್ಲೆಟ್ ಕಟ್ಟಿದ್ರು, ತರಕಾರಿ ಬೆಳೆಯೋಕೆ ಸಹಕಾರಿ ಫಾರ್ಮ್ ಮಾಡಿದ್ರು. ಈ ಐಡಿಯಾದ ಬೇರು ದಕ್ಷಿಣ ಆಫ್ರಿಕಾದ ಫೋಲೇಲಾ ಅನ್ನೋ ಹಳ್ಳೀಲಿದೆ, ಅಲ್ಲಿ ಸಿಡ್ನಿ ಕಾರ್ಕ್, ಎಮಿಲಿ ಕಾರ್ಕ್ ದಂಪತಿ 1940ರ ದಶಕದಲ್ಲೇ ಹೀಗೆ ಕೆಲಸ ಮಾಡ್ತಿದ್ರು, ಗೈಗರ್ ಸ್ಟೂಡೆಂಟ್ ಆಗಿದ್ದಾಗ ಅಲ್ಲಿಗೆ ಹೋಗಿ ಕಲ್ತು ಬಂದಿದ್ದು. ಎಲ್ರೂ ಬಾವಿ ತೋಡ್ಬೇಕು ಅಂತಲ್ಲ. ಚರಂಡಿ ಅಂದ್ರೆ ಮೊದ್ಲು ಚರಂಡಿಗೇ ಒಂದು ಅರ್ಜಿ ಬರೆಯೋಕೆ, ಫೋಟೋ ತೆಗೆಯೋಕೆ, ಯಾವ ಮನೇಲಿ ಎಷ್ಟು ಜನಕ್ಕೆ ಭೇದಿ ಅಂತ ಲೆಕ್ಕ ಹಾಕೋಕೆ ನಿಮ್ ಸ್ಟೂಡೆಂಟ್ಸ್‌ನ ಕೂರ್ಸಿ. ಚಿಕ್ಕ ಕೆಲಸ ಒಂದು ಮುಗಿದ್ರೆ ಶುಗರ್ ವಿಷ್ಯ ಅವರೇ ತೆಗೀತಾರೆ.

ಈಗ ಜಗಳ ಹುಟ್ಟೋ ಜಾಗಕ್ಕೆ ಬರೋಣ: ದುಡ್ಡು ಮತ್ತೆ ಡೇಟಾ.

ದುಡ್ಡಿನ ವಿಷ್ಯ ಬೇಗ ಮುಗಿಸ್ತೀನಿ. ಬಜೆಟ್ ಶೀಟನ್ನ ಮೊದಲ್ನೇ ದಿನಾನೇ ಟೇಬಲ್ ಮೇಲೆ ಹರವಿ. ಪ್ರೊಫೆಸರ್‌ಗೆ ಸಂಬಳ, ರಿಸರ್ಚ್ ಅಸಿಸ್ಟೆಂಟ್‌ಗೆ ಸಂಬಳ, ಮನೆ ಮನೆ ಕರ್ಕೊಂಡು ಹೋಗೋ ಅಲ್ಲಿನ ಹೆಣ್ಮಗಳಿಗೆ ಮಾತ್ರ ಒಂದು ಸರ್ಟಿಫಿಕೇಟು, ಇದು ಯಾವ ನ್ಯಾಯ? ಅವ್ರ ಟೈಮಿಗೂ ದುಡ್ಡು ಬರೀರಿ. ಯೂನಿವರ್ಸಿಟಿ ಅಕೌಂಟ್ಸ್ ಸೆಕ್ಷನ್ ಬಿಲ್ ಪಾಸ್ ಮಾಡೋಕೆ ತಿಂಗಳುಗಟ್ಟಲೆ ತಗೊಳ್ಳುತ್ತೆ, ಅಲ್ಲೀವರೆಗೂ ಕೈಯಿಂದ ಖರ್ಚು ಮಾಡೋ ಶಕ್ತಿ ಅವ್ರಿಗಿರಲ್ಲ, ಹಂಗಾಗಿ ಅಡ್ವಾನ್ಸ್ ವ್ಯವಸ್ಥೆ ಮೊದ್ಲೇ ಮಾಡ್ಕೊಳ್ಳಿ. ಒಂದು ಸಲ ನಮ್ ಕಡೆಯಿಂದ ಪೇಮೆಂಟ್ ಲೇಟಾಗಿ ಒಬ್ರು ಕೆಲಸಾನೇ ಬಿಟ್ಟು ಹೋದ್ರು, ತಪ್ಪು ಪೂರ್ತಿ ನಮ್ದೇ.

ಡೇಟಾ ವಿಷ್ಯಕ್ಕೆ ಟೈಮ್ ಕೊಡ್ಲೇಬೇಕು. ಅರಿಜೋನಾದ ಹವಸುಪಾಯ್ ಬುಡಕಟ್ಟಿನ ಜನ, ಗ್ರ್ಯಾಂಡ್ ಕ್ಯಾನ್ಯನ್ ಕಣಿವೇಲಿ ಇರೋರು, ಶುಗರ್ ಕಾಯಿಲೆ ಜಾಸ್ತಿ ಆಗಿದೆ ಅಂತ 1990ರ ಹೊತ್ತಿಗೆ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವ್ರಿಗೆ ರಕ್ತ ಕೊಟ್ರು. ಅದೇ ರಕ್ತ ಇಟ್ಕೊಂಡು ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಬಗ್ಗೆ, ಇವ್ರ ಪೂರ್ವಜರು ಎಲ್ಲಿಂದ ಬಂದ್ರು ಅನ್ನೋದ್ರ ಬಗ್ಗೆ ಎಲ್ಲ ಸ್ಟಡಿ ನಡೀತು, ಕೊಟ್ಟೋರಿಗೆ ಗೊತ್ತೇ ಇಲ್ಲ. ಕೇಸ್ ಆಯ್ತು, 2010ರಲ್ಲಿ ಯೂನಿವರ್ಸಿಟಿ 7 ಲಕ್ಷ ಡಾಲರ್ ಕೊಟ್ಟು, ಉಳಿದ ರಕ್ತದ ಸ್ಯಾಂಪಲ್ ವಾಪಸ್ ಮಾಡಿ ರಾಜಿ ಮಾಡ್ಕೊಳ್ತು. ಸಹಿ ಇತ್ತಲ್ಲ ಅಂದ್ರೆ, ಇತ್ತು, ಆದ್ರೆ ಕಾಗದದಲ್ಲಿ ಇದ್ದಿದ್ದಕ್ಕೂ ಜನ ಅರ್ಥ ಮಾಡ್ಕೊಂಡಿದ್ದಕ್ಕೂ ತಾಳೆ ಇರ್ಲಿಲ್ಲ. ಇನ್ನು ಟಸ್ಕೀಗೀ ಬಗ್ಗೆ ಕೇಳಿರ್ತೀರಾ, 1932ರಿಂದ 1972ರವರೆಗೆ 40 ವರ್ಷ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇದ್ದ ಕಪ್ಪು ಗಂಡಸರಿಗೆ ಪೆನ್ಸಿಲಿನ್ ಬಂದ್ಮೇಲೂ ಕೊಡದೇ ಸುಮ್ನೆ ನೋಡ್ತಾ ಕೂತಿದ್ದು. ಅದು ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೇನೇ ಮಾಡಿದ್ದು, ಸ್ಥಳೀಯ ಕಾಲೇಜೊಂದರ ಹೆಸರು, ಜಾಗ ಬಳಸ್ಕೊಂಡು. ಅದಾದ್ಮೇಲೇ ಎಥಿಕ್ಸ್ ಕಮಿಟಿ (ರಿಸರ್ಚಿಂದ ಜನಕ್ಕೆ ತೊಂದ್ರೆ ಆಗುತ್ತಾ ಅಂತ ಮೊದ್ಲೇ ನೋಡೋ ಸಮಿತಿ) ರೂಲ್ಸ್ ಇಷ್ಟು ಬಿಗಿಯಾಗಿದ್ದು. ಜನ ಬಾಗ್ಲು ತೆಗೆಯೋಕೆ ಹಿಂದೆಮುಂದೆ ನೋಡ್ತಾರೆ ಅಂದ್ರೆ ಅವ್ರಿಗೆ ಅರಿವಿಲ್ಲ ಅಂತ ಬರ್ಕೋಬೇಡಿ.

ಹಂಗಾಗಿ ಎಂಒಯು, ಅಂದ್ರೆ ಎರಡೂ ಕಡೆಯವ್ರ ಒಪ್ಪಂದದ ಪತ್ರ, ಬರೆಯೋವಾಗ ವಕೀಲರ ಭಾಷೆ ಬಿಟ್ಟು ಎರಡು ಪುಟದಲ್ಲಿ ಇಷ್ಟು ಬರೀರಿ: ಡೇಟಾ ಯಾರ ಕಂಪ್ಯೂಟರಲ್ಲಿ ಇರುತ್ತೆ, ಬೇರೆ ಸ್ಟಡಿಗೆ ಬೇಕು ಅಂದ್ರೆ ಯಾರ ಒಪ್ಪಿಗೆ, ಸ್ಯಾಂಪಲ್ ಯಾವಾಗ ನಾಶ ಮಾಡ್ತೀರಾ, ಪೇಪರಲ್ಲಿ ಊರಿನ ಹೆಸರು ಹಾಕ್ಬಹುದಾ, ರಿಸಲ್ಟ್ ಕೆಟ್ಟದಾಗಿ ಬಂದ್ರೆ ಮೊದ್ಲು ಯಾರಿಗೆ ಹೇಳ್ತೀರಾ. ಅದನ್ನ ಜೋರಾಗಿ ಓದಿ ಹೇಳಿ. ಓದ್ತಾ ಓದ್ತಾ ನಿಮಗೇ ಮುಜುಗರ ಆಗೋ ಸಾಲು ಸಿಗುತ್ತೆ, ಅದನ್ನ ಹೊಡೆದು ಹಾಕಿ. ಮತ್ತೆ ಎಥಿಕ್ಸ್ ಕಮಿಟಿಗೆ ಕಳಿಸೋ ಅರ್ಜೀನ ಮೊದ್ಲು ಜನರ ಮುಂದೆ ಇಡಿ, ಯಾಕಂದ್ರೆ ಕಮಿಟಿ ನೋಡೋದು ಒಬ್ಬೊಬ್ಬರಿಗೆ ತೊಂದ್ರೆ ಆಗುತ್ತಾ ಅಂತ, ಇಡೀ ಬೀದಿಗೆ ಕೆಟ್ಟ ಹೆಸರು ಬರುತ್ತಾ ಅನ್ನೋದು ಅಲ್ಲಿ ಇರೋರಿಗೇ ಹೊಳೆಯೋದು.

ಫೀಲ್ಡ್ ಕೆಲಸ ಸರಿಯಾಗಿ ಆದ್ರೆ ಹೇಗಿರುತ್ತೆ ಅನ್ನೋಕೆ ಫ್ಲಿಂಟ್ ನೋಡಿ. ಅಮೆರಿಕದ ಮಿಶಿಗನ್ ರಾಜ್ಯದ ಆ ಊರಲ್ಲಿ 2014ರ ಏಪ್ರಿಲಲ್ಲಿ ದುಡ್ಡು ಉಳ್ಸೋಕೆ ಅಂತ ನದಿ ನೀರಿಗೆ ಬದಲಾಯಿಸಿದ್ರು, ಪೈಪ್ ತುಕ್ಕು ತಡಿಯೋ ಕೆಮಿಕಲ್ ಹಾಕ್ಲಿಲ್ಲ, ಹಳೇ ಪೈಪಿನ ಸೀಸ (ಲೆಡ್ ಅನ್ನೋ ವಿಷದ ಲೋಹ) ನೀರಿಗೆ ಇಳೀತು. ಜನ ಬಣ್ಣ ಬಂದ ನೀರಿನ ಬಾಟ್ಲಿ ಹಿಡ್ಕೊಂಡು ಹೋದ್ರೆ ಅಧಿಕಾರಿಗಳು "ಸೇಫ್ ಇದೆ" ಅಂದ್ರು. ಲೀಆನ್ ವಾಲ್ಟರ್ಸ್ ಅನ್ನೋ ತಾಯಿ ವರ್ಜೀನಿಯಾ ಟೆಕ್ ಯೂನಿವರ್ಸಿಟಿಯ ಪ್ರೊಫೆಸರ್ ಮಾರ್ಕ್ ಎಡ್ವರ್ಡ್ಸ್ ಅವ್ರನ್ನ ಹಿಡಿದ್ರು, ಯೂನಿವರ್ಸಿಟಿಯವ್ರು ನೀರು ಟೆಸ್ಟ್ ಮಾಡೋಕೆ 300 ಕಿಟ್ ಕಳಿಸಿದ್ರು, ಸ್ಯಾಂಪಲ್ ಹಿಡಿದಿದ್ದು ಮಾತ್ರ ಊರಿನವ್ರೇ. ಲ್ಯಾಬ್ ಇವರದ್ದು, ನಲ್ಲಿ ಅವರದ್ದು. 2015ರ ಅಕ್ಟೋಬರಲ್ಲಿ ನೀರಿನ ಮೂಲ ಮತ್ತೆ ಹಳೇದಕ್ಕೇ ಬದಲಾಯ್ತು. ಇಲ್ಲಿ ಕಲಿಯೋ ವಿಷ್ಯ ಟ್ರೈನಿಂಗ್: ನೀರು ರಾತ್ರಿಯಿಡೀ ಪೈಪಲ್ಲಿ ನಿಂತಿರ್ಬೇಕು, ಬೆಳಿಗ್ಗೆ ಬರೋ ಮೊದಲ್ನೇ ನೀರೇ ಬಾಟ್ಲಿಗೆ ಬೀಳ್ಬೇಕು, ಮೊದ್ಲೇ ಸ್ವಲ್ಪ ಬಿಟ್ಟು ಹಿಡಿದ್ರೆ ಸೀಸ ಕಮ್ಮಿ ತೋರ್ಸುತ್ತೆ. ಇಂಥದ್ದನ್ನ ಪಿಪಿಟೀಲಿ ಹೇಳ್ಬೇಡಿ, ಯಾರದ್ದಾದ್ರೂ ಅಡುಗೆಮನೆ ನಲ್ಲಿ ಮುಂದೆ ನಿಂತು ಮಾಡ್ಸಿ, ಆಮೇಲೆ ಅವ್ರು ಪಕ್ಕದ ಮನೆಯವ್ರಿಗೆ ಹೇಳ್ಕೊಡ್ಲಿ, ನೀವು ಬಾಯ್ ಮುಚ್ಕೊಂಡು ನೋಡಿ. ತಪ್ಪಿದ್ರೆ ಅಲ್ಲೇ ಗೊತ್ತಾಗುತ್ತೆ.

ಸೆಮಿಸ್ಟರ್ ಅನ್ನೋ ಪೀಡೆ ಬೇರೆ ಇದೆ. ಸ್ಟೂಡೆಂಟ್ಸ್ ಎಕ್ಸಾಮ್ ಅಂತ ಮಾಯ ಆಗ್ತಾರೆ, ಮುಂದಿನ ಬ್ಯಾಚ್ ಬಂದು ಮತ್ತೆ "ನಿಮ್ ಹೆಸ್ರೇನು" ಅಂತ ಶುರು ಮಾಡುತ್ತೆ. ಕನಿಷ್ಠ ಒಬ್ರಾದ್ರೂ ಮೂರು ನಾಲ್ಕು ವರ್ಷ ಬದಲಾಗದೇ ಇರೋರು ಇರ್ಬೇಕು, ಫೋನ್ ಮಾಡಿದ್ರೆ ಎತ್ತೋರು. ಪ್ರೊಫೆಸರೇ ಆಗ್ಬೇಕು ಅಂತಿಲ್ಲ, ನನ್ನ ಕೇಳಿದ್ರೆ ಆಗ್ದೇ ಇದ್ರೇ ಒಳ್ಳೇದು.

ರಿಸಲ್ಟ್ ವಾಪಸ್ ಕೊಡೋದು ಪೇಪರ್ ಪ್ರಿಂಟ್ ಆದ್ಮೇಲೆ ಅಲ್ಲ, ಬರೆಯೋಕೆ ಮುಂಚೆ. ನಾವು ಒಂದು ಸಲ ದೊಡ್ಡ ಶೀಟಲ್ಲಿ ಬೀದಿ ಮ್ಯಾಪ್ ಬರೆದು, ಭೇದಿ ಆದ ಮನೆಗಳನ್ನ ಬರೀ ಚುಕ್ಕೆಯಾಗಿ, ಹೆಸರು ಮನೆ ನಂಬರ್ ಯಾವ್ದೂ ಇಲ್ದೇ, ಗೋಡೆಗೆ ಅಂಟ್ಸಿದ್ವಿ. ಚುಕ್ಕೆ ಒಂದು ಮೂಲೇಲಿ ಜಾಸ್ತಿ ಇತ್ತು, ಅಲ್ಲಿ ಬಡತನ ಜಾಸ್ತಿ ಅಂತ ನಮ್ಮ ಡ್ರಾಫ್ಟಲ್ಲಿ ಬರೆದಿದ್ವಿ. ಒಬ್ರು ವಯಸ್ಸಾದವ್ರು ಎದ್ದು ಬಂದು ಆ ಮೂಲೆ ಮೇಲೆ ಬೆರಳಿಟ್ಟು, "ಇಲ್ಲಿ ನೀರಿನ ಪೈಪ್ ಚರಂಡಿ ಒಳಗಿಂದಾನೇ ಹೋಗಿದೆ, ಅದನ್ನ ಹಾಕೋವಾಗ ನಾನೇ ಅಗೆದಿದ್ದು" ಅಂದ್ರು. ಡ್ರಾಫ್ಟ್ ಹರಿದು ಹಾಕಿ ಮತ್ತೆ ಬರೆದ್ವಿ, ಅವ್ರ ಹೆಸರನ್ನೂ ಕೇಳಿ, ಒಪ್ಪಿಗೆ ತಗೊಂಡು ಸೇರಿಸಿದ್ವಿ.

ಹೊರಡೋ ದಿನಾನ ಶುರೂಲೇ ಪ್ಲಾನ್ ಮಾಡಿ. ಗ್ರಾಂಟ್ ಮುಗಿಯೋಕೆ ಆರು ತಿಂಗಳು ಇರೋವಾಗ್ಲೇ ಕೂತು, ಬಿಪಿ ಮಷೀನ್ ಯಾರ ಹತ್ರ ಉಳಿಯುತ್ತೆ, ಅದರ ಬ್ಯಾಟರಿ ಯಾರು ಹಾಕ್ತಾರೆ, ರಿಜಿಸ್ಟರ್ ಯಾರು ಬರೀತಾರೆ, ಬಿಪಿ ಜಾಸ್ತಿ ಬಂದೋರನ್ನ ಯಾವ ಆಸ್ಪತ್ರೆಗೆ ಕಳಿಸ್ತಾರೆ, ಅಲ್ಲಿ ಯಾರನ್ನ ಕೇಳ್ಬೇಕು, ಇದನ್ನೆಲ್ಲ ಹೆಸರು ಸಮೇತ ಬರೆದು, ಒಂದು ಕಾಪಿ ಅವ್ರ ಕೈಗೆ ಕೊಟ್ಟು, ಇನ್ನೊಂದು ನೀವಿಟ್ಕೊಳ್ಳಿ.