ದ್ರಾಸ್‌ನಲ್ಲಿ ಮದ್ದುಗುಂಡಿನ ಲೆಕ್ಕ

ಕಾರ್ಗಿಲ್ ಯುದ್ಧವೆಂದರೆ ಜನರಿಗೆ ಬೊಫೋರ್ಸ್ ತೋಪು ನೆನಪಾಗುತ್ತದೆ. ಅದಕ್ಕೆ ಗುಂಡು ಒದಗಿಸಿದವರ ಚರಿತ್ರೆಯನ್ನು ಕೇಳುವವರು ಕಡಿಮೆ ಎಂಬ ಕೊರಗು ನನಗಿದೆ. ಸೇನೆಗೆ ಶಸ್ತ್ರ, ಮದ್ದುಗುಂಡು ಒದಗಿಸುವ ಆರ್ಮಿ ಆರ್ಡ್‌ನೆನ್ಸ್ ಕೋರ್‌ನಲ್ಲಿ ಮದ್ದುಗುಂಡು ಪರೀಕ್ಷಿಸಿ ಕಾಯುವ ಅಮ್ಯುನಿಷನ್ ಟೆಕ್ನಿಷಿಯನ್ ಆಗಿ 1999ರ ಬೇಸಿಗೆಯಲ್ಲಿ ನಾನು ದ್ರಾಸ್‌ನಲ್ಲಿದ್ದೆ. ನಮ್ಮ ಕೋರ್‌ನ ಮೂಲ 1775ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾದ ಬೋರ್ಡ್ ಆಫ್ ಆರ್ಡ್‌ನೆನ್ಸ್.

ಬೊಫೋರ್ಸ್‌ನ 155 ಮಿ.ಮೀ. ಶೆಲ್ ಒಂದೊಂದೂ ನಲವತ್ತು ಕಿಲೋಗಿಂತ ಹೆಚ್ಚು ತೂಗುತ್ತದೆ. ಶೆಲ್ ಬೇರೆ, ಅದರ ಮೂತಿಗೆ ತಿರುಗಿಸಿ ಕೂರಿಸುವ, ಅದನ್ನು ಸಿಡಿಸುವ ಫ್ಯೂಸ್ ಬೇರೆ, ಶೆಲ್ಲನ್ನು ತೋಪಿನಿಂದ ದೂಡುವ ಮದ್ದು, ಅಂದರೆ ಚಾರ್ಜ್ ಬೇರೆ, ಚಾರ್ಜ್‌ಗೆ ಕಿಡಿ ಮುಟ್ಟಿಸುವ ಪ್ರೈಮರ್ ಬೇರೆ. ಒಂದಿಲ್ಲದಿದ್ದರೆ ಉಳಿದ ಮೂರೂ ಬರೀ ಭಾರ. ಲಾರಿ ಬಂದೊಡನೆ ನಾನು ಮೊದಲು ನೋಡುತ್ತಿದ್ದುದು ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ಗುರುತು. ಒಂದೇ ಲಾಟಿನ ಚಾರ್ಜ್‌ಗಳು ಹೆಚ್ಚುಕಡಿಮೆ ಒಂದೇ ವೇಗ ಕೊಡುತ್ತವೆ; ಲಾಟ್ ಬೆರೆತರೆ ಗುಂಡು ಹಿಂದೆ ಮುಂದೆ ಬೀಳುತ್ತದೆ. ತೊಲೊಲಿಂಗ್, ಟೈಗರ್ ಹಿಲ್‌ಗಳಲ್ಲಿ ನಮ್ಮ ಜವಾನರು ಶತ್ರುವಿನ ಬಂಕರುಗಳ ಸಮೀಪಕ್ಕೆ ಏರುತ್ತಿದ್ದರು. ಅವರ ತಲೆಯ ಮೇಲಿಂದ ಹೋಗಬೇಕಾದ ಗುಂಡು ನೂರು ಮೀಟರ್ ಮೊದಲೇ ಬಿದ್ದರೆ ಗತಿಯೇನು? ಎಷ್ಟೇ ಅವಸರವಿದ್ದರೂ ಒಂದು ಬ್ಯಾಟರಿಗೆ (ಒಟ್ಟಿಗೆ ಗುಂಡು ಹಾರಿಸುವ ತೋಪುಗಳ ತಂಡಕ್ಕೆ) ಲಾಟ್ ಬೆರೆಸಿ ಕಳುಹಿಸಬಾರದೆಂದು ಹಟ ಹಿಡಿದೆ.

ಶ್ರೀನಗರ–ಲೇಹ್ ಹೆದ್ದಾರಿ ಶಿಖರಗಳಲ್ಲಿ ಕುಳಿತ ಶತ್ರುವಿನ ಕಣ್ಣಳತೆಯಲ್ಲಿತ್ತು. ಲಾರಿಗಳು ರಾತ್ರಿ ದೀಪ ಆರಿಸಿಕೊಂಡು ಬರುತ್ತಿದ್ದವು. ಗುಂಡನ್ನು ಒಂದೇ ಕಡೆ ಪೇರಿಸುವಂತಿರಲಿಲ್ಲ. ಬೆಟ್ಟದ ಮರೆಯಲ್ಲಿ ಸಣ್ಣ ಸಣ್ಣ ರಾಶಿ, ನಡುವೆ ಅಂತರ, ಸುತ್ತ ಕಲ್ಲು ಮತ್ತು ಮರಳುಚೀಲದ ಗೋಡೆ. ತೇವ ತಾಗದಂತೆ ಕೆಳಗೆ ಮರದ ತುಂಡು, ಮೇಲೆ ತಾಡಪಾಲು. ಫ್ಯೂಸ್ ಪೆಟ್ಟಿಗೆಗಳು ದೂರ. ಬೀಡಿ, ಬೆಂಕಿಪೊಟ್ಟಣ ಇನ್ನೂ ದೂರ. ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಕಂಬಳಿಯೊಳಗೆ ಟಾರ್ಚ್ ಹಿಡಿದು ಓದುತ್ತಿದ್ದೆ. ಬೆರಳು ಮರಗಟ್ಟಿರುತ್ತಿತ್ತು; ಆದರೂ ಓದಿದ ನಂಬರನ್ನು ಜೊತೆಯವನು ಗಟ್ಟಿಯಾಗಿ ಮತ್ತೊಮ್ಮೆ ಹೇಳಿದ ಮೇಲೆಯೇ ಪುಸ್ತಕಕ್ಕೆ ಬರೆಯುತ್ತಿದ್ದೆ.

ಆ ಯುದ್ಧದಲ್ಲಿ ನಮ್ಮ ತೋಪು, ಮಾರ್ಟರ್, ರಾಕೆಟ್ ಲಾಂಚರುಗಳು ಹಾರಿಸಿದ ಗುಂಡುಗಳು ಸುಮಾರು 2.5 ಲಕ್ಷ. ಟೈಗರ್ ಹಿಲ್ ಕೈವಶವಾದ ದಿನವೊಂದರಲ್ಲೇ ಸುಮಾರು 9,000. ಅಷ್ಟೂ ಪೆಟ್ಟಿಗೆಗಳನ್ನು ಯಾರೋ ಎತ್ತಿದ್ದಾರೆ, ಯಾರೋ ಇಳಿಸಿದ್ದಾರೆ, ಯಾರೋ ಬರೆದುಕೊಂಡಿದ್ದಾರೆ.

ಕದನ ನಿಂತ ಮೇಲೆ ಕಟ್ಟು ಬಿಚ್ಚಿದ ಚಾರ್ಜ್‌ಗಳು, ಕೂರಿಸಿ ತೆಗೆದ ಫ್ಯೂಸ್‌ಗಳು ನಮ್ಮ ಬಳಿಗೆ ಮರಳಿದವು. ಮೊಹರು ಒಡೆಯದ ಪೆಟ್ಟಿಗೆಗಳೊಂದಿಗೆ ಅವನ್ನು ಸೇರಿಸದೆ ಒಂದೊಂದನ್ನೂ ಪರೀಕ್ಷಿಸಿದೆವು: ಸರಿಯಿದ್ದದ್ದು ಲೆಕ್ಕಕ್ಕೆ, ಕೆಟ್ಟದ್ದು ನಾಶಕ್ಕೆ. ಅಷ್ಟರಲ್ಲಿ ಇನ್ನೊಂದು ಕೆಲಸ ಕಾದಿತ್ತು. ಇನ್ನು ಮುಂದೆ ಆ ಶಿಖರಗಳನ್ನು ಚಳಿಗಾಲದಲ್ಲೂ ಕಾಯಬೇಕಿತ್ತು. ಹೆದ್ದಾರಿಯ ಜೋಜಿಲಾ ಕಣಿವೆದಾರಿ ಹಿಮದಲ್ಲಿ ಮುಚ್ಚಿಹೋಗುವ ಮೊದಲೇ ಅಲ್ಲಿನ ದಾಸ್ತಾನು ಮೇಲೇರಬೇಕಿತ್ತು.