ಅಂಬಾಸಿಡರ್ ಹಿಂದಿನ ಆಕ್ಸಲ್: ಕ್ರೌನ್ ಪಿನಿಯನ್ ಬಿಚ್ಚಿ ಕಟ್ಟುವ ಬಗೆ

ನಮ್ಮ ಮನೆಯಲ್ಲಿ 1974ರ ಅಂಬಾಸಿಡರ್ ಮಾರ್ಕ್ 2 ಇದೆ. ಅಪ್ಪ ಸಾಗರದಲ್ಲಿ ಅದನ್ನು ಟ್ಯಾಕ್ಸಿಗೆ ಬಿಟ್ಟಿದ್ದರು. ದಿಬ್ಬಣ, ಹೆರಿಗೆ, ಜೋಗ ನೋಡಲು ಬಂದ ನೆಂಟರು, ಎಲ್ಲಾ ಅದರಲ್ಲೇ. ಹತ್ತು ಜನರನ್ನು ತುಂಬಿಕೊಂಡು ಘಟ್ಟ ಹತ್ತಿದ ಗಾಡಿ ಅದು. ನನ್ನ ಕೈಗೆ ಬರುವ ಹೊತ್ತಿಗೆ ಸ್ಪೀಡು 50 ಕಿ.ಮೀ. ದಾಟಿದರೆ ಸಾಕು, ಹಿಂದಿನ ಸೀಟಿನ ಕೆಳಗೆ ಜೀರುಂಡೆ ಕೂಗಿದ ಹಾಗೆ ಸದ್ದು. ಆಕ್ಸಿಲರೇಟರ್ ಬಿಟ್ಟ ತಕ್ಷಣ ನಿಂತುಬಿಡುತ್ತಿತ್ತು.

ಆ ಆಕ್ಸಲನ್ನು ಎರಡು ಸಲ ಬಿಚ್ಚಿ ಕಟ್ಟಿದ್ದೇನೆ. ಮೊದಲ ಸಲ ಹೊಸ ಬೇರಿಂಗ್ ಹಾಕಿ, ಎಲ್ಲಾ ಗಟ್ಟಿಯಾಗಿ ಬಿಗಿದೆ. ಸದ್ದು ಮೊದಲಿಗಿಂತ ಜಾಸ್ತಿಯಾಯಿತು. ಎರಡನೇ ಸಲ ಬಿಗಿಯುವ ಮೊದಲು ಅಳೆದೆ. ಹಾಗಾಗಿ ಇಲ್ಲಿ ಸ್ಪ್ಯಾನರ್ ಕೆಲಸಕ್ಕಿಂತ ಅಳತೆಯ ಮಾತೇ ಹೆಚ್ಚು ಬರುತ್ತದೆ.

ಬಿಚ್ಚುವ ಮೊದಲು ಸದ್ದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ, ಇಲ್ಲವೇ ಬಿಟ್ಟಾಗ ಮಾತ್ರ ಕೂಗಿದರೆ ಅನುಮಾನ ಕ್ರೌನ್ ಪಿನಿಯನ್ ಮೇಲೆ, ಇಲ್ಲವೇ ಪಿನಿಯನ್ ಬೇರಿಂಗ್ ಮೇಲೆ. ಪಿನಿಯನ್ ಅಂದರೆ ಎಂಜಿನ್ ಕಡೆಯಿಂದ ತಿರುಗುವ ಸಣ್ಣ ಗೇರು, ಕ್ರೌನ್ ಅಂದರೆ ಅದು ತಿರುಗಿಸುವ ದೊಡ್ಡ ಬಳೆಯಂಥ ಗೇರು. ಒತ್ತಿದರೂ ಬಿಟ್ಟರೂ ಒಂದೇ ಸಮ ಗುಡುಗುಟ್ಟಿದರೆ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಪಕ್ಕದ ಬೇರಿಂಗು ಅಥವಾ ಹಬ್ ಬೇರಿಂಗು. ತಿರುವಿನಲ್ಲಿ ಮಾತ್ರ ಸದ್ದು ಬಂದರೆ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರು ಮತ್ತು ಅದರ ವಾಷರ್ ನೋಡಬೇಕು. ಗೇರ್ ಹಾಕಿ ಕ್ಲಚ್ ಬಿಟ್ಟಾಗ 'ಟಕ್' ಅಂದರೆ ಮೊದಲು ಗೇರ್ ಬಾಕ್ಸಿನಿಂದ ಆಕ್ಸಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ತುದಿಯ ಮಡಚುವ ಕೀಲು, ಅಲ್ಲಾಡಿಸಿ ನೋಡಿ. ಎಷ್ಟೋ ಸಲ ಅಷ್ಟೇ ಇರುತ್ತದೆ. ಸವೆದ ಟಯರ್ ಕೂಡ ಆಕ್ಸಲ್ ಹಾಗೆಯೇ ಕೂಗುತ್ತದೆ, ಅದನ್ನೂ ಮರೆಯಬೇಡಿ.

ಈ ಗಾಡಿಯಲ್ಲಿ ಒಂದು ಅನುಕೂಲ ಇದೆ. ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅಲ್ವಾ, ಅದರ ಹಿಂದಿನ ಆಕ್ಸಲ್ ಬ್ಯಾಂಜೊ ಮಾದರಿ. ಪೂರ್ತಿ ಆಕ್ಸಲ್ ಇಳಿಸಬೇಕಾಗಿಲ್ಲ. ಮಧ್ಯದ ಡಿಫರೆನ್ಷಿಯಲ್ ಗಡ್ಡೆ ಮಾತ್ರ ಮುಂದಿನಿಂದ ಹೊರಗೆ ಬರುತ್ತದೆ.

ಮುಂದಿನ ಚಕ್ರಗಳಿಗೆ ಕಟ್ಟಿಗೆ ಕೊಟ್ಟು, ಹಿಂಬದಿ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಕಲ್ಲು, ಇಟ್ಟಿಗೆ ಖಂಡಿತ ಬೇಡ. ಗಾಡಿ ಸ್ವಲ್ಪ ಓಡಿಸಿ ಬಂದ ಮೇಲೆ ಆಯಿಲ್ ಇಳಿಸಿದರೆ ಕಸ ಸಮೇತ ಬರುತ್ತದೆ. ಆ ಆಯಿಲನ್ನು ಒಂದು ಬಿಳಿ ಡಬ್ಬಿಯಲ್ಲಿ ಹಿಡಿದು, ಆಯಸ್ಕಾಂತ ಆಡಿಸಿ. ಬೂದಿಯಂಥ ನುಣುಪು ಪುಡಿ ಸಹಜ. ಉಗುರಿಗೆ ಸಿಗುವಂಥ ಚೂರು ಸಿಕ್ಕಿದರೆ ಯಾವುದೋ ಹಲ್ಲು ಮುರಿದಿದೆ, ಇಲ್ಲವೇ ಬೇರಿಂಗ್ ಪುಡಿಯಾಗಿದೆ.

ಡ್ರಮ್ ಬಿಚ್ಚಿ, ಎರಡೂ ಕಡೆಯ ಆಕ್ಸಲ್ ಶಾಫ್ಟನ್ನು ಡಿಫರೆನ್ಷಿಯಲ್ ಗೇರಿನಿಂದ ಬಿಡಿಸಿಕೊಳ್ಳುವಷ್ಟು ಹೊರಗೆಳೆಯಿರಿ. ಪ್ರೊಪೆಲ್ಲರ್ ಶಾಫ್ಟಿನ ಫ್ಲ್ಯಾಂಜ್ ಬಿಡಿಸುವ ಮೊದಲು ಎರಡೂ ಕಡೆಗೆ ಒಂದು ಗೆರೆ ಎಳೆದುಕೊಳ್ಳಿ. ಆಮೇಲೆ ಸುತ್ತಲಿನ ನಟ್ ತೆಗೆದು ಗಡ್ಡೆ ಇಳಿಸಬೇಕು. ತುಂಬಾ ಭಾರ ಇದೆ, ಒಬ್ಬರೇ ಇಳಿಸಬೇಡಿ. ನನಗೆ ತಮ್ಮ ಕೈಜೋಡಿಸಿದ. ಕೆಳಗೆ ಹಳೇ ಟಯರ್ ಹಾಕಿಕೊಂಡಿದ್ದೆವು.

ಈಗ ಮೇಜಿನ ಮೇಲೆ ಗಡ್ಡೆ ಇದೆ. ಇನ್ನೂ ಬಿಚ್ಚಬೇಡಿ. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಎರಡು ಬೇರಿಂಗ್ ಕ್ಯಾಪ್‌ಗಳಿವೆಯಲ್ಲ, ಪಂಚಿನಿಂದ ಎಡಗಡೆಯದಕ್ಕೆ ಒಂದು ಚುಕ್ಕೆ, ಬಲಗಡೆಯದಕ್ಕೆ ಎರಡು ಚುಕ್ಕೆ ಹೊಡೆಯಿರಿ. ಅವನ್ನು ಗಡ್ಡೆಗೆ ಸೇರಿಸಿಯೇ ಕೊರೆದಿರುತ್ತಾರೆ, ಅದಲು ಬದಲು ಮಾಡಿದರೆ ಬೇರಿಂಗ್ ಸರಿಯಾಗಿ ಕೂರುವುದಿಲ್ಲ. ಡಯಲ್ ಗೇಜ್ ಮುಳ್ಳನ್ನು ಕ್ರೌನಿನ ಒಂದು ಹಲ್ಲಿಗೆ ತಾಗಿಸಿ, ಪಿನಿಯನ್ ಅಲ್ಲಾಡದಂತೆ ಹಿಡಿದು, ಕ್ರೌನನ್ನು ಹಿಂದೆ ಮುಂದೆ ಆಡಿಸಿ. ಆ ಪ್ಲೇ, ಅಂದರೆ ಹಲ್ಲುಗಳ ನಡುವಿನ ಸಡಿಲ, ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಸುತ್ತಲೂ ನಾಲ್ಕು ಕಡೆ ಅಳೆಯಿರಿ. ಹಳೆಯ ಅಳತೆ ಕೈಯಲ್ಲಿದ್ದರೆ ಎಲ್ಲಿಂದ ಶುರು ಮಾಡಬೇಕು ಅನ್ನೋದು ಗೊತ್ತಾಗುತ್ತದೆ.

ಬಿಚ್ಚುವಾಗ ಬರುವ ಶಿಮ್‌ಗಳೇ, ಅಂದರೆ ಅಳತೆ ಸರಿಪಡಿಸಲು ಹಾಕುವ ಲೋಹದ ಬಳೆಗಳೇ, ಇಲ್ಲಿ ಚಿನ್ನ. ಕಾಗದದಷ್ಟು ತೆಳು. ಎಡದ್ದು, ಬಲದ್ದು, ಪಿನಿಯನ್ನಿನದ್ದು ಅಂತ ಬೇರೆ ಬೇರೆ ತಂತಿಗೆ ಪೋಣಿಸಿ, ಚೀಟಿ ಕಟ್ಟಿ. ಮೊದಲ ಸಲ ನಾನು ಎಲ್ಲವನ್ನೂ ಒಂದೇ ಬಟ್ಟಲಿಗೆ ಹಾಕಿ ತೊಳೆದಿದ್ದೆ. ಅಲ್ಲಿಗೆ ಅಪ್ಪನ ಗಾಡಿಯ ಕಾರ್ಖಾನೆ ಅಳತೆ ಕಳೆದುಹೋಯಿತು.

ಅದೇ ಸಲ ಆದ ಇನ್ನೊಂದು ನಷ್ಟವನ್ನೂ ಹೇಳಬೇಕು. ಬೆಂಗಳೂರಿನ ಒಂದು ಅಂಗಡಿಯಲ್ಲಿ 'ಹೊಸ ಸೆಟ್' ಅಂತ ಕೊಟ್ಟ ಕ್ರೌನ್ ಪಿನಿಯನ್ ತಂದಿದ್ದೆ. ಅದು ಜೋಡಿಯೇ ಆಗಿರಲಿಲ್ಲ. ಕಾರ್ಖಾನೆಯಲ್ಲಿ ಕ್ರೌನನ್ನೂ ಪಿನಿಯನ್ನನ್ನೂ ಒಟ್ಟಿಗೆ ಉಜ್ಜಿ, ಎರಡಕ್ಕೂ ಒಂದೇ ನಂಬರ್ ಕೆತ್ತುತ್ತಾರೆ. ನನ್ನದರಲ್ಲಿ ಎರಡು ನಂಬರ್ ಬೇರೆ ಬೇರೆ ಇದ್ದವು, ನಾನು ನೋಡಿರಲಿಲ್ಲ. ಜೆ.ಸಿ. ರಸ್ತೆಯಲ್ಲಿ ತನ್ನಿ, ಶಿವಾಜಿನಗರದ ಗುಜರಿಯಲ್ಲಿ ತನ್ನಿ, ಓದುವ ಕನ್ನಡಕ ಮತ್ತು ಸಣ್ಣ ಟಾರ್ಚ್ ಜೊತೆಗಿರಲಿ. ನಂಬರ್ ಹೊಂದದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಹಲ್ಲನ್ನೂ ಎಣಿಸಿ. ನನ್ನ ಗಾಡಿಯಲ್ಲಿ ಪಿನಿಯನ್ನಿಗೆ 8, ಕ್ರೌನಿಗೆ 39. ಭಾಗಿಸಿದರೆ 4.875. ಈ ಎರಡು ಸಂಖ್ಯೆಗೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲ. ಹಾಗಾಗಿ ಒಂದು ಸಲ ಸೇರಿದ ಎರಡು ಹಲ್ಲು ಮತ್ತೆ ಭೇಟಿಯಾಗಲು ಪಿನಿಯನ್ 39 ಸುತ್ತು ತಿರುಗಬೇಕು. ಅಷ್ಟರಲ್ಲಿ ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಮುಟ್ಟಿರುತ್ತದೆ, ಸವೆತ ಎಲ್ಲಾ ಕಡೆ ಸಮ ಆಗುತ್ತದೆ. ಇದನ್ನು ಲೇತ್ ಅಂಗಡಿಯ ಅಣ್ಣ ವಿವರಿಸಿದ ದಿನ ಆ ಗೇರನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದೆ.

ಬೇರಿಂಗ್‌ಗಳಿಗೆ ಅಂಬಾಸಿಡರ್ ಅಂತ ಕೇಳಬೇಕಾಗಿಲ್ಲ. ಮೈಮೇಲಿನ ನಂಬರ್ ತೋರಿಸಿದರೆ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ. ಕೂರಿಸುವಾಗ ಸುತ್ತಿಗೆಯಿಂದ ಬಡಿಯಬೇಡಿ, ಗ್ಯಾಸ್ ಬೆಂಕಿ ತೋರಿಸಬೇಡಿ. ಒಳ ರಿಂಗನ್ನು ಬಿಸಿ ಎಣ್ಣೆಯಲ್ಲಿ ಅದ್ದಿ, ಸುಮಾರು 100 ಡಿಗ್ರಿ ಸಾಕು, ತಾನಾಗಿ ಜಾರಿ ಕೂರುತ್ತದೆ.

ಈಗ ಜೋಡಣೆ. ಮೊದಲು ಪಿನಿಯನ್. ಅದರ ತಲೆಗೂ ದೊಡ್ಡ ಬೇರಿಂಗಿಗೂ ಮಧ್ಯೆ ಇರುವ ವಾಷರ್ ದಪ್ಪವೇ ಪಿನಿಯನ್ ಎಷ್ಟು ಒಳಗೆ ಹೋಗಬೇಕು ಅನ್ನೋದನ್ನು ನಿರ್ಧರಿಸುತ್ತದೆ. ಹಳೇ ವಾಷರ್ ಹಾಕಿ ಶುರು ಮಾಡಿ. ಎರಡು ಬೇರಿಂಗ್ ನಡುವಿನ ಶಿಮ್ ತೆಗೆದರೆ ಬಿಗಿ, ಹಾಕಿದರೆ ಸಡಿಲ. ಎಷ್ಟು ಬಿಗಿ ಬೇಕು? ಫ್ಲ್ಯಾಂಜಿಗೆ ದಾರ ಸುತ್ತಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಒಂದೇ ಸಮ ಎಳೆಯಿರಿ. ದಾರ ಸುತ್ತಿದ ಜಾಗದ ಅರ್ಧ ಅಗಲ 4 ಸೆಂ.ಮೀ. ಇದ್ದು, ತಕ್ಕಡಿ 3 ಕೆ.ಜಿ. ತೋರಿಸಿದರೆ 12 ಕೆ.ಜಿ.-ಸೆಂ.ಮೀ. ಹೊಸ ಬೇರಿಂಗಿಗೆ, ಆಯಿಲ್ ಸೀಲ್ ಹಾಕುವ ಮೊದಲು, ನಾನು ಇಟ್ಟಿದ್ದು ಅಷ್ಟು. ನಿಮ್ಮ ಆಕ್ಸಲಿಗೆ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಇಡಿ. ನಟ್ಟುಗಳಿಗೆ ಟಾರ್ಕ್ ರೆಂಚ್ ಬೇಕೇ ಬೇಕು.

ಆಮೇಲೆ ಕ್ರೌನ್. ಅದು ಕೂರುವ ಜಾಗದಲ್ಲಿ ಒಂದು ಧೂಳಿನ ಕಣ ಇದ್ದರೂ ಕ್ರೌನ್ ಓರೆಯಾಗಿ ತಿರುಗುತ್ತದೆ. ಬೆರಳಿಂದ ಸವರಿ ನೋಡಿ, ಮತ್ತೆ ಒರೆಸಿ. ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಗಡ್ಡೆಯಲ್ಲಿ ಕೂರಿಸಿ ಪ್ಲೇ ಅಳೆಯಿರಿ. ನನ್ನ ಕ್ರೌನಿಗೆ 6 ಥೌ, ಅಂದರೆ ಸುಮಾರು 0.15 ಮಿ.ಮೀ. ಇಟ್ಟೆ. ಪ್ಲೇ ಜಾಸ್ತಿ ಇದ್ದರೆ ಒಂದು ಕಡೆಯ ಶಿಮ್ ತೆಗೆದು ಇನ್ನೊಂದು ಕಡೆಗೆ ಹಾಕಬೇಕು. ಹೊರಗಿನಿಂದ ಹೊಸದು ಸೇರಿಸಬೇಡಿ, ಪಕ್ಕದ ಬೇರಿಂಗಿನ ಬಿಗಿ ಕೆಡುತ್ತದೆ.

ಇನ್ನು ಉಳಿದದ್ದು ಬಣ್ಣದ ಪರೀಕ್ಷೆ. ಕ್ರೌನಿನ ಏಳೆಂಟು ಹಲ್ಲಿಗೆ ಪ್ರಷ್ಯನ್ ಬ್ಲೂ ತೆಳ್ಳಗೆ ಹಚ್ಚಿ. ತಮ್ಮ ಕ್ರೌನಿಗೆ ಒಂದು ಕಟ್ಟಿಗೆ ತುಂಡು ಒತ್ತಿ ಹಿಡಿದ, ನಾನು ಪಿನಿಯನ್ ತಿರುಗಿಸಿದೆ. ತಡೆ ಇದ್ದರೆ ಮಾತ್ರ ಗುರುತು ಚೆನ್ನಾಗಿ ಮೂಡುತ್ತದೆ. ನೀಲಿಯ ಮಧ್ಯೆ ಬಣ್ಣ ಅಳಿಸಿ ಹೊಳೆಯುವ ಒಂದು ಉದ್ದ ಕಣ್ಣಿನಂಥ ಗುರುತು ಕಾಣಬೇಕು. ಹಲ್ಲಿನ ತುದಿಯ ಹತ್ತಿರ ಇದ್ದರೆ ಪಿನಿಯನ್ ದೂರ ಇದೆ, ದಪ್ಪ ವಾಷರ್ ಹಾಕಿ. ಬುಡದಲ್ಲಿ ಇದ್ದರೆ ಜಾಸ್ತಿ ಒಳಗೆ ಹೋಗಿದೆ, ತೆಳು ವಾಷರ್. ಹಲ್ಲಿನ ಹೊರ ಅಂಚಿಗೆ ಸರಿದಿದ್ದರೆ ಕ್ರೌನನ್ನು ಪಿನಿಯನ್ ಕಡೆಗೆ ತನ್ನಿ. ಒಳ ಅಂಚಿಗೆ ಇದ್ದರೆ ದೂರ ಸರಿಸಿ. ಪ್ರತಿ ಬದಲಾವಣೆಗೂ ಪ್ಲೇ ಮತ್ತೆ ಅಳೆಯಬೇಕು. ನಮಗೆ ಐದು ಸಲ ಬಿಚ್ಚಿ ಹಾಕಬೇಕಾಯಿತು, ಪೂರ್ತಿ ಎರಡು ಸಂಜೆ ಹಿಡಿಯಿತು. ಐದನೇ ಸಲ ಗುರುತು ನಟ್ಟನಡುವೆ ಬಂದಾಗ ತಮ್ಮ ಟಾರ್ಚ್ ಹಿಡಿದು 'ಅಣ್ಣಾ, ಸಾಕು, ಇನ್ನು ಮುಟ್ಟಬೇಡ' ಅಂದ.

ಪಿನಿಯನ್ ಆಯಿಲ್ ಸೀಲ್ ಹೊಸದೇ ಹಾಕಿ, ತುಟಿಗೆ ಗ್ರೀಸ್ ಸವರಿ. ಫ್ಲ್ಯಾಂಜಿನಲ್ಲಿ ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದ್ದರೆ ಸೀಲ್ ಎಷ್ಟು ಹೊಸದಾದರೂ ಸೋರುತ್ತದೆ, ಅದನ್ನು ಲೇತಿಗೆ ಕೊಡಿ. ಹೌಸಿಂಗ್ ಮೇಲಿನ ಬ್ರೀದರ್ ರಂಧ್ರಕ್ಕೆ ತಂತಿ ಹಾಕಿ ನೋಡಿ. ಅದು ಕೆಸರಿನಿಂದ ಮುಚ್ಚಿದ್ದರೆ ಒಳಗಿನ ಬಿಸಿ ಗಾಳಿ ಆಯಿಲನ್ನು ಹಬ್ ಕಡೆಗೆ ತಳ್ಳುತ್ತದೆ, ಬ್ರೇಕ್ ಲೈನರ್ ಒದ್ದೆಯಾಗುತ್ತದೆ. ಮಲೆನಾಡಿನ ಗಾಡಿಗಳಲ್ಲಿ ಇದನ್ನು ತಪ್ಪದೇ ನೋಡಬೇಕು. ಹೊಸ ಪ್ಯಾಕಿಂಗ್ ಹಾಕಿ ಗಡ್ಡೆ ಏರಿಸಿ, ಹೈಪಾಯ್ಡ್ ಗೇರಿಗೆ (ಈ ಕ್ರೌನ್ ಪಿನಿಯನ್ ಅದೇ ಮಾದರಿ) ಹೇಳಿದ ಇಪಿ 90 ಆಯಿಲನ್ನು ತುಂಬುವ ರಂಧ್ರದಿಂದ ತೊಟ್ಟಿಕ್ಕುವವರೆಗೆ ಹಾಕಿ. ಗಾಡಿ ಸಮನಾಗಿ ನಿಂತಿರಬೇಕು.

ಮೊದಲ ದಿನ 15 ಕಿ.ಮೀ. ಓಡಿಸಿ ನಿಲ್ಲಿಸಿ, ಹೌಸಿಂಗಿನ ಹತ್ತಿರ ಅಂಗೈ ಹಿಡಿದು ನೋಡಿ, ಆಮೇಲೆ ಮೆಲ್ಲಗೆ ಮುಟ್ಟಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಬೇರಿಂಗ್ ಬಿಗಿ ಜಾಸ್ತಿಯಾಗಿದೆ, ಹಾಗೇ ಓಡಿಸಬೇಡಿ. ಮೊದಲ 500 ಕಿ.ಮೀ. ಜಾಸ್ತಿ ಭಾರ ಬೇಡ. 800 ಆದಾಗ ಆ ಆಯಿಲ್ ಇಳಿಸಿ ಹೊಸದು ಹಾಕಿ, ಇಳಿಸಿದ್ದರಲ್ಲಿ ಮತ್ತೊಮ್ಮೆ ಆಯಸ್ಕಾಂತ ಆಡಿಸಿ. ನನ್ನದರಲ್ಲಿ ಬೂದಿ ಬಣ್ಣದ ಒಂದು ತೆಳು ಪದರ ಅಂಟಿತ್ತು, ಅಷ್ಟೇ. ಆ ಭಾನುವಾರ ಅಪ್ಪನನ್ನು ಮುಂದೆ ಕೂರಿಸಿಕೊಂಡು ತಾಳಗುಪ್ಪದವರೆಗೆ ಹೋಗಿ ಬಂದೆವು. 60ರಲ್ಲಿ ಹೋಗುವಾಗ ಅವರು ಕಿಟಕಿ ಗಾಜು ಪೂರ್ತಿ ಏರಿಸಿ, ಹಿಂದಕ್ಕೆ ತಲೆ ತಿರುಗಿಸಿ ಕಿವಿಗೊಟ್ಟು ಕೂತಿದ್ದರು.